ದಾದರಿನ ಅಂಗಳದಲ್ಲಿ ಕರಂಡೆ ಗಿಡ

ಮೇ ತಿಂಗಳು ಬಂತೆಂದರೆ ದಾದರ್ ಸ್ಟೇಷನ್ನಿನ ಹೊರಗೆ ಎಲೆಯ ದೊನ್ನೆಗಳಲ್ಲಿ ಪುಟ್ಟ ಕಪ್ಪು ಹಣ್ಣು ಮಾರುವ ಹೆಂಗಸರು ಕಾಣಿಸುತ್ತಾರೆ. ಮರಾಠಿಯಲ್ಲಿ ಇದು ಕರವಂದ. ಪ್ರೀತಿಯಿಂದ 'ಡೋಂಗರಚಿ ಕಾಳಿ ಮೈನಾ', ಅಂದರೆ ಬೆಟ್ಟದ ಕಪ್ಪು ಮೈನಾ ಅಂತಲೂ ಕರೆಯುತ್ತಾರೆ. ನಮ್ಮ ದಕ್ಷಿಣ ಕನ್ನಡದವರಿಗೆ ಕರಂಡೆ, ಉತ್ತರ ಕನ್ನಡದವರಿಗೆ ಕವಳಿ. ಬೆಟ್ಟದ ಈ ಹಣ್ಣಿನ ಬಳಗದ್ದೇ ಇನ್ನೊಂದು ಗಿಡವನ್ನು ತೋಟಗಳಲ್ಲಿ ಬೆಳೆಸುತ್ತಾರೆ. ಅದರ ಕಾಯಿ ಇದಕ್ಕಿಂತ ದೊಡ್ಡದು, ಬಿಳಿ-ಗುಲಾಬಿ ಬಣ್ಣ, ಉಪ್ಪಿನಕಾಯಿಗೆ ಹೇಳಿ ಮಾಡಿಸಿದ್ದು. ನಾನು ಹೇಳಹೊರಟಿರುವುದು ಅದರ ಕಥೆ.

ಇಂಗ್ಲಿಷರು ಇದಕ್ಕೆ 'ಬೆಂಗಾಲ್ ಕರಂಟ್' ಅಂತ ಹೆಸರಿಟ್ಟರು. ಅವರ ತೋಟಗಳಲ್ಲಿ ವಸಂತದಲ್ಲಿ ಕೆಂಪು ಗೊಂಚಲು ಬಿಡುವ 'ಫ್ಲವರಿಂಗ್ ಕರಂಟ್' ಬೇರೆಯೇ. ಅದು ಅಮೆರಿಕದ ಪಶ್ಚಿಮ ಕರಾವಳಿಯ ಗಿಡ. ಸಿಯಾಟಲ್ ಕಡೆ ನೆಲೆಸಿರುವ ನಮ್ಮವರು ನೋಡಿಯೇ ಇರುತ್ತಾರೆ. ಚಳಿ ಬೇಡುವ ಆ ಗಿಡಕ್ಕೆ ಮುಂಬಯಿಯ ಸೆಕೆ ಆಗದು. ನಮ್ಮ ಕರಂಡೆಯೋ, ನಂದಿಬಟ್ಟಲು, ಕಣಗಿಲೆಗಳ ಕುಟುಂಬದ್ದು. ಎಲೆ ಮುರಿದರೆ ಬಿಳಿ ಹಾಲು, ಕೊಂಬೆಯಲ್ಲಿ ಜೋಡಿ ಮುಳ್ಳು, ಹೂವು ಮಲ್ಲಿಗೆಯಂತೆ ಬಿಳಿ, ಘಮಘಮ!

ಈ ಗಿಡಕ್ಕೂ ಮುಂಬಯಿಗೂ ಹಳೆಯ ನಂಟಿದೆ. ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ಟಾ 1563ರಲ್ಲಿ ಅಚ್ಚು ಹಾಕಿಸಿದ ಔಷಧ ಸಸ್ಯಗಳ ಪುಸ್ತಕದಲ್ಲಿ ಏಲಕ್ಕಿಯ ಜೊತೆಗೆ 'ಕರಂಡಸ್' ಬಗ್ಗೆಯೂ ಬರೆದಿದ್ದಾನೆ. ಅದೇ ಓರ್ಟಾನಿಗೆ ಪೋರ್ಚುಗೀಸ್ ಸರ್ಕಾರ 1554ರ ಸುಮಾರಿಗೆ ಮುಂಬಯಿ ದ್ವೀಪವನ್ನೇ ಗೇಣಿಗೆ ಕೊಟ್ಟಿತ್ತು! ಮುಂದೆ 1767ರಲ್ಲಿ ಲಿನ್ನೇಯಸ್ ಇಟ್ಟ ಶಾಸ್ತ್ರೀಯ ಹೆಸರು 'ಕರಿಸ್ಸ ಕರಂಡಸ್'. ಅಂದರೆ ನಮ್ಮೂರ ಅಜ್ಜಿಯರ ಬಾಯಲ್ಲಿದ್ದ ಕರಂಡೆಗೆ ಹತ್ತಿರದ ಶಬ್ದವೇ ಜಗತ್ತಿನ ಸಸ್ಯಶಾಸ್ತ್ರದ ಪುಸ್ತಕಗಳಿಗೂ ಹೋಗಿ ಕೂತಿದೆ.

ಇನ್ನು ದಾದರಿಗೆ ಬರೋಣ. 'ಪೋರ್ಚುಗೀಸ್ ಚರ್ಚ್' ಅಂತ ಬಸ್ ಕಂಡಕ್ಟರುಗಳು ಕೂಗುವ ಜಾಗದಲ್ಲಿ ಮೊದಲ ಚರ್ಚ್ ಕಟ್ಟಿದ್ದು 1596ರಲ್ಲಿ. ಆಮೇಲೆ ಮುನ್ನೂರು ವರ್ಷ ಇಲ್ಲಿದ್ದದ್ದು ಹೆಚ್ಚಾಗಿ ತೆಂಗಿನ ತೋಟ, ಗದ್ದೆ, ಜೌಗು. ದಾದರಿನ ರೂಪ ಬದಲಿಸಿದ್ದು ಪ್ಲೇಗು. 1896ರಲ್ಲಿ ಮಾಂಡವಿಯ ಕಿಕ್ಕಿರಿದ ಓಣಿಗಳಲ್ಲಿ ಕಾಣಿಸಿಕೊಂಡ ಆ ಮಾರಿಯಿಂದ ಪಾಠ ಕಲಿತ ಸರ್ಕಾರ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿತು. ಊರಿನ ಉತ್ತರಕ್ಕೆ ದಾದರ್-ಮಾಟುಂಗಾ ಬಡಾವಣೆಗಳು ಹುಟ್ಟಿದ್ದು ಈ ಟ್ರಸ್ಟಿನಿಂದ. ಅಗಲ ರಸ್ತೆ, ಸಾಲುಮರ, ಕಟ್ಟಡ ಕಟ್ಟಡದ ನಡುವೆ ಗಾಳಿ ಬೆಳಕಿಗೆ ಖಾಲಿ ಜಾಗ. ಮಂಚೇರ್‌ಜಿ ಜೋಶಿ ಎಂಬ ಎಂಜಿನಿಯರರು ಟ್ರಸ್ಟಿನವರ ಮನವೊಲಿಸಿ ಪಾರ್ಸಿಗಳಿಗೆಂದು 103 ನಿವೇಶನ ಪಡೆದರು. ಇವತ್ತು ಫೈವ್ ಗಾರ್ಡನ್ಸ್‌ಗೆ ಅವರದೇ ಹೆಸರು.

ನಮ್ಮ ಕನ್ನಡಿಗರೂ ಈ ಸುತ್ತಿನಲ್ಲೇ ಬೇರೂರಿದವರು. ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್ 1926ರಲ್ಲಿ, ಮಾಹಿಮ್‌ನಲ್ಲಿ ನೆಲೆಯಿರುವ ಕರ್ನಾಟಕ ಸಂಘ 1933ರಲ್ಲಿ ಶುರುವಾದವು. ಊರಿಗೆ ಹೋದವರು ರಜೆ ಮುಗಿಸಿ ಬರುವಾಗ ಬ್ಯಾಗಿನಲ್ಲಿ ಉಪ್ಪಿನಕಾಯಿ ಭರಣಿಯ ಜೊತೆ ಒಂದೆರಡು ಸಸಿಯನ್ನೂ ತರುತ್ತಿದ್ದರು. ಕಟ್ಟಡದ ಪಕ್ಕದ ಆ ಖಾಲಿ ಪಟ್ಟಿಯಲ್ಲಿ ತುಳಸಿ, ಕರಿಬೇವು, ದಾಸವಾಳ, ಬೇಲಿ ಬದಿಗೆ ಕರಂಡೆ. ಯೋಚಿಸಿ ನೋಡಿ, ನಮಗೆ ಅಂಗಳ ಕೊಟ್ಟದ್ದು ಪ್ಲೇಗಿನ ಭಯ!

ಗಿಡ ಬೆಳೆಸುವುದು ಕಷ್ಟವೇನಲ್ಲ. ಹಣ್ಣಿನಿಂದ ತೆಗೆದ ಬೀಜವನ್ನು ತಡಮಾಡದೆ ಹಾಕಬೇಕು, ಒಣಗಿಸಿಟ್ಟರೆ ಹುಟ್ಟುವುದು ಕಡಿಮೆ. ಮುಂಗಾರಿನಲ್ಲಿ ನೆಟ್ಟರೆ ಮಳೆಯೇ ನೋಡಿಕೊಳ್ಳುತ್ತದೆ. ಬಡ ಮಣ್ಣಾದರೂ ಪರವಾಗಿಲ್ಲ, ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಸುಮಾರು ಮೂರನೇ ವರ್ಷಕ್ಕೆ ಹೂವು ಕಾಣುತ್ತೀರಿ. ಹೂವು ಬರುವುದು ಕೊಂಬೆಯ ತುದಿಯಲ್ಲಿ. ಆದ್ದರಿಂದ ಕತ್ತರಿ ಹಾಕುವುದಿದ್ದರೆ ಕಾಯಿ ಕೊಯ್ದ ಮೇಲೆ ಹಾಕಿ. ಚಳಿಗಾಲದ ಕೊನೆಗೆ ಸವರಿದರೆ ಆ ವರ್ಷದ ಉಪ್ಪಿನಕಾಯಿಯನ್ನೂ ಸವರಿದ ಹಾಗೆ. ಅಂದಹಾಗೆ, ಬೇಕರಿ ಕೇಕಿನ ಮೇಲಿನ ಕೆಂಪು 'ಚೆರ್ರಿ' ಇದೆಯಲ್ಲ, ಎಷ್ಟೋ ಸಲ ಅದು ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ಅದ್ದಿದ ಇದೇ ಕರಂಡೆ!

ಈಗ ದಾದರಿನ ಹಳೆಯ ಕಟ್ಟಡಗಳು ಒಂದೊಂದಾಗಿ ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ. ಅದು ಬೇಡವೆನ್ನಲು ನಾನಾರು? ಸೋರುವ ಮಾಳಿಗೆಯ ಕೆಳಗೆ, ಲಿಫ್ಟ್ ಇಲ್ಲದ ನಾಲ್ಕನೇ ಮಹಡಿಯಲ್ಲಿ ಇರುವವರ ಪಾಡು ಅವರಿಗೇ ಗೊತ್ತು. ಆದರೆ ನಕ್ಷೆ ತೋರಿಸುವಾಗ ಎಷ್ಟು ಚದರಡಿ, ಎಷ್ಟು ಪಾರ್ಕಿಂಗ್ ಅಂತ ಎಲ್ಲರೂ ಕೇಳುತ್ತೇವೆ. ಮಣ್ಣು ಎಷ್ಟು ಉಳಿಯುತ್ತದೆ ಅಂತ ಕೇಳುವವರು ಕಡಿಮೆ. ನೂರು ವರ್ಷದ ಹಿಂದೆ ಸಾವಿರಾರು ಜನರ ಸಾವಿನಿಂದ ಕಲಿತು ಬಿಟ್ಟ ಜಾಗವದು. ಕಾಂಕ್ರೀಟು ಮುಚ್ಚಿದ ಮೇಲೆ ಅಲ್ಲಿ ಕರಂಡೆಯಂಥ ಗಟ್ಟಿ ಗಿಡಕ್ಕೂ ಬೇರು ಬಿಡಲು ಜಾಗವಿರುವುದಿಲ್ಲ.

ನಿಮ್ಮ ಸೊಸೈಟಿಯ ಮುಂದಿನ ಮೀಟಿಂಗಿನಲ್ಲಿ ಈ ಪ್ರಶ್ನೆ ಒಮ್ಮೆ ಕೇಳಿ ನೋಡಿ. ಅಷ್ಟರೊಳಗೆ ಬಿಸಿಲು ಬೀಳುವ ಬಾಲ್ಕನಿ ಇದ್ದರೆ ದೊಡ್ಡ ಕುಂಡದಲ್ಲಿ ಒಂದು ಬೀಜ ಹಾಕಿಡಿ. ನಿಮ್ಮೂರಿನ ಕಡೆ ಇದಕ್ಕೆ ಏನೆನ್ನುತ್ತಾರೆ ಅನ್ನುವುದನ್ನೂ ಮಕ್ಕಳಿಗೆ ಹೇಳಿಕೊಡಿ.