ಕುಷಾಯಿಗೂಡ: ದೃಶ್ಯ ಪರಿವರ್ತಕ ಸಲಕರಣೆಗಳ ಇತಿಹಾಸ

ಹೈದರಾಬಾದಿನ ಈಶಾನ್ಯ ಅಂಚಿನ ಕುಷಾಯಿಗೂಡ ಬೆಳೆದದ್ದು ಪಕ್ಕದ ಇಸಿಐಎಲ್ ಎಂಬ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಜೊತೆಯಲ್ಲಿ. ಅಣುಶಕ್ತಿ ಇಲಾಖೆಗೆ ಸೇರಿದ ಈ ಸಂಸ್ಥೆ 1967ರಲ್ಲಿ ವಿಜ್ಞಾನಿ ಎ. ಎಸ್. ರಾವ್ ಅವರ ಮುಂದಾಳತ್ವದಲ್ಲಿ ಹುಟ್ಟಿತು. ಟಿಡಿಸಿ-12 ಕಂಪ್ಯೂಟರಿನಿಂದ ಅದಕ್ಕೆ ಹೆಸರು ಬಂತು. ಆದರೆ ಉತ್ತರ ಕರ್ನಾಟಕದ ಹಳ್ಳಿಗಳನ್ನು ಅದು ಮುಟ್ಟಿದ್ದು ಬೇರೆಯೇ ಒಂದು ಪೆಟ್ಟಿಗೆಯ ಮೂಲಕ.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ಸಂಸ್ಥೆಯು ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿ ‘ಸೈಟ್’ ಎಂಬ ಟೆಲಿವಿಷನ್ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿದ್ದವು. ಕರ್ನಾಟಕದಿಂದ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಶಾಲೆ, ಪಂಚಾಯಿತಿ ಕಟ್ಟಡಗಳಲ್ಲಿ ಇಟ್ಟ ಸೆಟ್ಟುಗಳನ್ನು ತಯಾರಿಸಿದ್ದು ಇಸಿಐಎಲ್.

ಉಪಗ್ರಹದ ಸಂಕೇತ ಬರುತ್ತಿದ್ದದ್ದು 860 ಮೆಗಾಹರ್ಟ್ಸ್‌ನಲ್ಲಿ, ಎಫ್‌ಎಂ ರೂಪದಲ್ಲಿ. ಸಾಮಾನ್ಯ ಟಿವಿ ಅದನ್ನು ಓದಲಾರದು. ಹಾಗಾಗಿ ಟಿವಿಯ ಮುಂದೆ ಪರಿವರ್ತಕವೊಂದನ್ನು ಜೋಡಿಸಬೇಕಾಯಿತು. ಉಪಗ್ರಹದ್ದೇ ಆಂಟೆನಾ ಸುಮಾರು 9 ಮೀಟರ್ ಅಗಲವಿದ್ದು ಬಲವಾಗಿ ಪ್ರಸಾರ ಮಾಡುತ್ತಿದ್ದುದರಿಂದ ನೆಲದಲ್ಲಿ 3 ಮೀಟರಿನ ತಟ್ಟೆ ಸಾಕಾಯಿತು. ಆ ತಟ್ಟೆಗೆ ಕೋಳಿಗೂಡಿಗೆ ಹಾಕುವ ತಂತಿ ಜಾಲರಿಯನ್ನೇ ಬಳಸಿದರು. ಆ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಜಾಲರಿಯ ಸಣ್ಣ ಕಣ್ಣುಗಳಿಂದ ಅದು ಸೋರಿಹೋಗುವುದಿಲ್ಲ, ಗಾಳಿ ಮಾತ್ರ ಹಾಯ್ದುಹೋಗುತ್ತದೆ. ಅಗ್ಗ, ಹಗುರ, ಹಳ್ಳಿಯಲ್ಲೇ ರಿಪೇರಿಗೆ ಸಿಗುವಂಥದ್ದು. ಸಲಕರಣೆ ಎಲ್ಲಿ ಕೆಲಸ ಮಾಡಬೇಕೋ ಆ ಜಾಗದ ಸ್ಥಿತಿಗತಿಯನ್ನು ಮೊದಲು ನೋಡಿದ ಈ ಆಯ್ಕೆ ಭಾರತದ ತಾಂತ್ರಿಕ ಇತಿಹಾಸದ ಅತ್ಯುತ್ತಮ ತೀರ್ಮಾನಗಳಲ್ಲೊಂದು.

ಒಂದೇ ಚಿತ್ರದ ಜೊತೆ ಎರಡು ಧ್ವನಿವಾಹಿನಿಗಳನ್ನು ಕಳುಹಿಸುವ ಏರ್ಪಾಡೂ ಇತ್ತು. ಕನ್ನಡ, ತೆಲುಗು ಎರಡೂ ಭಾಷೆಗಳ ಕಾರ್ಯಕ್ರಮಗಳು ಹೈದರಾಬಾದಿನ ನಿರ್ಮಾಣ ಕೇಂದ್ರದಲ್ಲೇ ತಯಾರಾಗುತ್ತಿದ್ದವು. ವರ್ಷ ಮುಗಿದ ಮೇಲೆ ಉಪಗ್ರಹ ಬೇರೆಡೆಗೆ ಸರಿಯಿತು. 1977ರಲ್ಲಿ ಗುಲ್ಬರ್ಗಾದಲ್ಲಿ ದೂರದರ್ಶನದ ನೆಲಪ್ರಸಾರ ಶುರುವಾದಾಗ ಆ ಭಾಗದಲ್ಲಿ ಪರಿವರ್ತಕವಿಲ್ಲದೆಯೇ ಟಿವಿ ನೋಡುವಂತಾಯಿತು.

ಕೆಲಸಕ್ಕೆ ಹೊಂದುವ ಸಲಕರಣೆಯನ್ನು ಆರಿಸುವ ಪ್ರಶ್ನೆ ಡಿಜಿಟಲ್ ಬಿಂಬದ ಕಾಲದಲ್ಲಿಯೂ ಎದುರಾಯಿತು. 2000ದ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಹೈದರಾಬಾದಿನ ಐಐಐಟಿ ಮೊದಲಾದವು ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಯೋಜನೆಗಾಗಿ ಹಳೆಯ ಕನ್ನಡ ಪುಸ್ತಕಗಳನ್ನೂ ಸ್ಕ್ಯಾನ್ ಮಾಡಿದವು. ಪುಸ್ತಕವನ್ನು ಮಗುಚಿ ಒತ್ತಬೇಕಾದ ಯಂತ್ರ ಹಳೆಯ ಬೈಂಡಿಂಗನ್ನು ಒಡೆಯುತ್ತದೆ. ಆದ್ದರಿಂದ ಮೇಲಿನಿಂದ ಚಿತ್ರ ತೆಗೆಯುವ ಸ್ಕ್ಯಾನರುಗಳನ್ನು ಬಳಸಿದರು. ಪುಟಗಳನ್ನು ಬಹುಮಟ್ಟಿಗೆ ಬರೀ ಕಪ್ಪು-ಬಿಳುಪಾಗಿ ಉಳಿಸಿಕೊಂಡರು. ಅಕ್ಷರಕ್ಕೆ ಅದು ಸಾಕು, ಫೈಲೂ ಚಿಕ್ಕದು. ಛಾಯಾಚಿತ್ರಗಳಿರುವ ಪುಟಗಳಲ್ಲಿ ಮಾತ್ರ ನಡುವಿನ ಬೂದು ಛಾಯೆಗಳೆಲ್ಲ ಅಳಿಸಿಹೋಗುತ್ತವೆ, ಇದು ನಿಜಕ್ಕೂ ನೋವಿನ ನಷ್ಟ.

ಕಚೇರಿಗಳ ಹಳೆಯ ವಿಡಿಯೊ ಟೇಪುಗಳನ್ನು ಡಿಜಿಟಲ್‌ಗೆ ಪರಿವರ್ತಿಸುವಾಗಲೂ ಇಂಥದ್ದೇ ಎಚ್ಚರ ಬೇಕು. ಭಾರತ ಬಳಸುತ್ತಿದ್ದ ಪಾಲ್ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ, 625 ಗೆರೆ. ಅಮೆರಿಕದ ಪದ್ಧತಿಗೆಂದು ಮಾಡಿದ ಯಂತ್ರ ಇದಕ್ಕೆ ಒಗ್ಗದು. ಟೇಪು ಓಡಿಸುವ ಸುಸ್ಥಿತಿಯ ಪ್ಲೇಯರನ್ನು ಮೊದಲು ಹುಡುಕಿಕೊಂಡು, ಪರಿವರ್ತಕವನ್ನು ಆಮೇಲೆ ಕೊಳ್ಳುವುದು ಲೇಸು.