ನಾಲ್ಕು ತಾಲ್ಲೂಕುಗಳ ವಿಳಾಸ ವೃತ್ತಾಂತ

ತುಂಗಭದ್ರೆಯ ದಡದ ಹೊನ್ನಾಳಿ, ಸೂಳೆಕೆರೆಯ ಸೀಮೆಯ ಚನ್ನಗಿರಿ, ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪವನ್ನು ಒಳಗೊಂಡ ನ್ಯಾಮತಿ, ಮುಂಗಾರಿನ ಮೋಡಕ್ಕೆ ಕಾದು ಬದುಕುವ ಜಗಳೂರು. ಈ ನಾಲ್ಕೂ ದಾವಣಗೆರೆ ಎಂಬ ಒಂದೇ ಜಿಲ್ಲೆಯ ಮಕ್ಕಳಾದದ್ದು ಇತ್ತೀಚೆಗೆ. ಆದರೆ ‘ಇಂಥ ಊರು ಎಲ್ಲಿದೆ’ ಎಂದು ಹೊರಗಿನವರು ಕೇಳಿದಾಗ ಉತ್ತರ ಕೊಡುವ ಏರ್ಪಾಡು ಈ ನೆಲದಲ್ಲಿ ಬಹಳ ಹಳೆಯದು. ಕಲ್ಲಿನ ಮೇಲೆ ಮೊದಲಾಗಿ, ಅಂಚೆಯ ಚೀಲದಲ್ಲಿ ಸಾಗಿ, ತಂತಿಯಲ್ಲಿ ಹರಿದು, ಇಂದು ಕಣ್ಣಿಗೆ ಕಾಣದ ಸರ್ವರುಗಳಲ್ಲಿ ನೆಲೆಸಿರುವ ಆ ಏರ್ಪಾಡಿನ ವೃತ್ತಾಂತವಿದು.

ಶಾಸನಗಳ ಕಾಲದಲ್ಲಿ ಒಂದು ಊರನ್ನು ಗುರುತಿಸುತ್ತಿದ್ದುದು ಅದು ಯಾವ ನಾಡಿಗೆ ಸೇರಿತು, ಆ ನಾಡು ಯಾವ ದೊಡ್ಡ ಸೀಮೆಯೊಳಗಿತ್ತು ಎಂಬ ವರಸೆಯಿಂದ. ಪಡುವಲಿಗೆ ಬನವಾಸಿ ಹನ್ನೆರಡು ಸಾವಿರ, ಮೂಡಲಿಗೆ ನೊಳಂಬವಾಡಿ ಮೂವತ್ತೆರಡು ಸಾವಿರ. ಇಂದಿನ ನ್ಯಾಮತಿ ತಾಲ್ಲೂಕಿನ ಬೆಳಗುತ್ತಿ ಆಗ ಸಿಂದರ ನೆಲೆವೀಡು. ಭೂಮಿಯನ್ನು ದಾನ ಕೊಟ್ಟವರು ಎಲ್ಲೆಗಳನ್ನು ಹೇಳಿಸುತ್ತಿದ್ದರು: ಯಾವ ದಿಕ್ಕಿಗೆ ಕೆರೆಯ ಕೋಡಿ, ಯಾವ ದಿಕ್ಕಿಗೆ ಹುತ್ತ, ಎಲ್ಲಿ ನಟ್ಟ ಕಲ್ಲು. ಓದುವವನು ಆ ಊರಿನವನೇ ಆಗಿದ್ದರೆ ಮಾತ್ರ ತಿಳಿಯುವ ವಿಳಾಸ ಅದು.

ಕಾಲ ಸರಿದು ಆ ಕಲ್ಲುಗಳಿಗೇ ವಿಳಾಸ ಬೇಕಾಯಿತು. ಬಿ.ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳನ್ನೆಲ್ಲ ಓದಿಸಿ ಸಂಪುಟಗಳಾಗಿ ಅಚ್ಚು ಹಾಕಿಸಿದಾಗ, ಹೊನ್ನಾಳಿ ಮತ್ತು ಚನ್ನಗಿರಿಯ ಶಾಸನಗಳು 1902ರ ಏಳನೆಯ ಸಂಪುಟಕ್ಕೆ ಬಂದವು; ಜಗಳೂರಿನವು ಚಿತ್ರದುರ್ಗ ಜಿಲ್ಲೆಯ ಹನ್ನೊಂದನೆಯ ಸಂಪುಟಕ್ಕೆ. ಪ್ರತಿ ತಾಲ್ಲೂಕಿನ ಲೆಕ್ಕವೂ ಒಂದರಿಂದ ಆರಂಭ. ತಾಲ್ಲೂಕಿನ ಹೆಸರಿನ ಎರಡಕ್ಷರ, ಮುಂದೆ ಒಂದು ಸಂಖ್ಯೆ, ಇಷ್ಟೇ ಸಾಕು. ಯಾವ ದೇಶದ ವಿದ್ವಾಂಸನೂ ಹೊನ್ನಾಳಿ ಸೀಮೆಯ ಹೊಲದಂಚಿನ ಕಲ್ಲನ್ನು ತಪ್ಪದೆ ತಲುಪುತ್ತಾನೆ. ನ್ಯಾಮತಿ ಆಗ ತಾಲ್ಲೂಕಲ್ಲವಾದ್ದರಿಂದ ಅದರ ಸೀಮೆಯ ಕಲ್ಲುಗಳು ಆ ಗ್ರಂಥದಲ್ಲಿ ಹೊನ್ನಾಳಿಯ ಕೆಳಗೇ ಉಳಿದವು. ಪಟ್ಟಿ ಬರೆದ ದಿನದ ಆಡಳಿತ ಪಟ್ಟಿಯೊಳಗೆ ಹಾಗೇ ನಿಂತುಬಿಡುತ್ತದೆ. ಇದು ಮುಂದೆಯೂ ಕಾಣಸಿಗುವ ಸಂಗತಿ.

ಮೈಸೂರಿನ ಅರಸರಿಗೆ ಸ್ವಂತ ಅಂಚೆಯಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಮೊದಲಾದ ಆ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ಲೀನವಾಯಿತು. ಕಾಗದದ ಮೇಲೆ ಹೆಸರು, ಬಿನ್ ಇಂಥವರು, ಗ್ರಾಮ, ಅಂಚೆ, ತಾಲ್ಲೂಕು, ಜಿಲ್ಲೆ ಎಂದು ಬರೆಯುವ ರೂಢಿ ನೆಲೆಗೊಂಡಿತು. ಅಂಚೆಯ ಜೊತೆಗೆ ತಂತಿಯೂ ಇತ್ತು. ತಂತಿಯಲ್ಲಿ ಪದಕ್ಕಿಷ್ಟು ಎಂದು ಹಣ. ಉದ್ದದ ವಿಳಾಸ ಬರೆದರೆ ಸುದ್ದಿಗಿಂತ ವಿಳಾಸಕ್ಕೇ ಹೆಚ್ಚು ಖರ್ಚು. ಆದ್ದರಿಂದ ವರ್ತಕರು ತಂತಿ ಕಚೇರಿಗೆ ಶುಲ್ಕ ಕಟ್ಟಿ ಒಂದೇ ಪದದ ವಿಳಾಸ ನೋಂದಾಯಿಸುತ್ತಿದ್ದರು. ಅಂಗಡಿಯ ಲೆಟರ್‌ಹೆಡ್ಡಿನ ಮೂಲೆಯಲ್ಲಿ ‘ಗ್ರಾಮ್ಸ್’ ಎಂದು ಅಚ್ಚಾಗುತ್ತಿದ್ದುದು ಆ ಪದವೇ. ಒಂದು ಕಚೇರಿಯಲ್ಲಿ ಒಬ್ಬರು ಹಿಡಿದ ಪದ ಇನ್ನೊಬ್ಬರಿಗೆ ಸಿಗುತ್ತಿರಲಿಲ್ಲ. ಶುಲ್ಕ ನಿಂತರೆ ಪದವೂ ಹೋಗುತ್ತಿತ್ತು. ಇಂಟರ್ನೆಟ್ ತಾಣಗಳ ವಿಳಾಸವಾದ ಇಂದಿನ ಡೊಮೈನ್ ಹೆಸರಿಗೆ ಹಿರಿಯಜ್ಜನನ್ನು ಹುಡುಕುವವರು ಬೇರೆಲ್ಲಿಗೂ ಹೋಗಬೇಕಿಲ್ಲ.

1972ರ ಆಗಸ್ಟ್ 15ರಂದು ಪಿನ್ ಕೋಡ್ ಜಾರಿಗೆ ಬಂತು. ಕೇಂದ್ರ ಸಂಪರ್ಕ ಇಲಾಖೆಯ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರ್ ಅದರ ಕರ್ತೃ; ಸಂಸ್ಕೃತ ವಿದ್ವಾಂಸರೂ ಹೌದು. ಒಂದೇ ಹೆಸರಿನ ಊರುಗಳು ನೂರಾರು, ಬರವಣಿಗೆ ಹಲವು ಲಿಪಿಗಳಲ್ಲಿ, ಕೈಬರಹವಂತೂ ದೇವರಿಗೇ ಪ್ರೀತಿ. ಹೊಸಹಳ್ಳಿ ಎಂದಷ್ಟೇ ಬರೆದರೆ ಯಾವ ಹೊಸಹಳ್ಳಿ? ಆರು ಅಂಕಿಗಳು ಆ ಗೊಂದಲವನ್ನು ಬಗೆಹರಿಸಿದವು. ಚನ್ನಗಿರಿಗೆ 577213, ಹೊನ್ನಾಳಿಗೆ 577217, ನ್ಯಾಮತಿಗೆ 577223, ಜಗಳೂರಿಗೆ 577528. ಈ ಅಂಕಿಗಳನ್ನು ನಿಧಾನವಾಗಿ ಓದಬೇಕು. ಮೊದಲ ಮೂರು ಊರುಗಳದು ಶಿವಮೊಗ್ಗದ 577201ರ ಸಾಲು. ಜಗಳೂರಿನದು ಚಿತ್ರದುರ್ಗದ 577501ರ ಸಾಲು. ಆಗ ಇದ್ದ ಜಿಲ್ಲೆಗಳೇ ಅವು.

1997ರ ಆಗಸ್ಟ್ 15ರಂದು ಜಿಲ್ಲೆಗಳು ಬದಲಾದವು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಜೆ.ಎಚ್. ಪಟೇಲರು ಆಗ ಮುಖ್ಯಮಂತ್ರಿ. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ, ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು, ಬಳ್ಳಾರಿಯಿಂದ ಹರಪನಹಳ್ಳಿ ಕೂಡಿ ದಾವಣಗೆರೆ ಜಿಲ್ಲೆ ಮೈದಳೆಯಿತು. ಬೋರ್ಡುಗಳು ಬದಲಾದವು, ಮೊಹರುಗಳು ಬದಲಾದವು, ವಾಹನಗಳ ಮೇಲೆ ಕೆಎ 17 ಬಂತು. ಪಿನ್ ಕೋಡ್ ಮಾತ್ರ ಅಲುಗಲಿಲ್ಲ. ಇಂದಿಗೂ ಜಗಳೂರಿಗೆ ಕಾಗದ ಬರೆಯುವವನು ಜಿಲ್ಲೆ ದಾವಣಗೆರೆ ಎಂದು ಬರೆದು, ಅದರ ಮುಂದೆ ಚಿತ್ರದುರ್ಗದ ಸಾಲಿನ ಅಂಕಿಯನ್ನು ಹಾಕುತ್ತಾನೆ. ಹೆಸರು ಹೊಸ ಒಡೆತನವನ್ನು ಹೇಳಿದರೆ ಅಂಕಿ ಹಳೆಯದನ್ನು ನೆನಪಿಟ್ಟುಕೊಂಡಿದೆ.

ಇದೇ ಹೆಸರು ಮತ್ತು ಅಂಕಿಯ ತೊಡಕು ಸಮುದ್ರದಾಚೆ ಇನ್ನೊಂದು ರೂಪದಲ್ಲಿ ಎದ್ದಿತ್ತು. ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ನಡೆಯುತ್ತಿದ್ದ ಆರ್ಪಾನೆಟ್ ಜಾಲದಲ್ಲಿ ಯಂತ್ರಗಳು ಪರಸ್ಪರ ಗುರುತಿಸುತ್ತಿದ್ದುದು ಅಂಕಿಗಳಿಂದ. ಮನುಷ್ಯರಿಗೆ ಬೇಕಾದದ್ದು ಹೆಸರು. ಯಾವ ಹೆಸರಿಗೆ ಯಾವ ಅಂಕಿ ಎಂಬ ಪಟ್ಟಿಯನ್ನು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಮತ್ತು ಅವರ ತಂಡ ಇಟ್ಟುಕೊಂಡಿತ್ತು. ಹೊಸ ಕಂಪ್ಯೂಟರ್ ಸೇರಿಸಬೇಕಾದರೆ ಕಚೇರಿಯ ವೇಳೆಯಲ್ಲಿ ಅವರಿಗೆ ಫೋನ್ ಮಾಡಬೇಕು; ಅವರು ಪಟ್ಟಿಗೆ ಸೇರಿಸುವರು; ಜಾಲದ ಉಳಿದವರೆಲ್ಲ ಆ ಇಡೀ ಪಟ್ಟಿಯನ್ನು ಮತ್ತೆ ಇಳಿಸಿಕೊಳ್ಳಬೇಕು. ಜಾಲ ಬೆಳೆದಂತೆ ಒಂದು ಪಟ್ಟಿ, ಒಂದು ಕಚೇರಿ ಸಾಲದಾಯಿತು.

1983ರ ನವೆಂಬರಿನಲ್ಲಿ ಪಾಲ್ ಮೋಕಪೆಟ್ರಿಸ್ ಅದಕ್ಕೆ ಡೊಮೈನ್ ಹೆಸರಿನ ವ್ಯವಸ್ಥೆ ಎಂಬ ಪರಿಹಾರ ಬರೆದರು. ಜಾನ್ ಪೋಸ್ಟೆಲ್ ಅವರೊಡನೆ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದವರು. ಅವರ ಪರಿಹಾರದ ತಿರುಳನ್ನು ನಮ್ಮ ಕಂದಾಯ ಇಲಾಖೆ ಬಲ್ಲ ರೈತ ಬೇಗ ಗ್ರಹಿಸುತ್ತಾನೆ. ಬೆಂಗಳೂರಿನಲ್ಲಿ ಕೂತ ಯಾರೂ ರಾಜ್ಯದ ಎಲ್ಲ ಹೊಲಗಳ ಒಡೆಯರ ಹೆಸರನ್ನು ಬಾಯಿಪಾಠ ಮಾಡಿಕೊಂಡಿಲ್ಲ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಎಂದು ಮೆಟ್ಟಿಲಿಳಿದು ಹೋದರೆ ಕೊನೆಯ ಪುಸ್ತಕ ಇಟ್ಟುಕೊಂಡವನು ಉತ್ತರ ಹೇಳುತ್ತಾನೆ. ಮೇಲಿನವನ ಹೊಣೆ ‘ಕೆಳಗೆ ಯಾರನ್ನು ಕೇಳಬೇಕು’ ಎಂದು ತಿಳಿಸುವುದಷ್ಟೇ. 2017–18ರ ಹೊಸ ತಾಲ್ಲೂಕುಗಳಲ್ಲಿ ಒಂದಾಗಿ ನ್ಯಾಮತಿ ಹೊನ್ನಾಳಿಯಿಂದ ಬೇರೆಯಾದಾಗ ಅಲ್ಲಿನ ಪಹಣಿಯ ಹೊಣೆ ನ್ಯಾಮತಿಯ ತಹಶೀಲ್ದಾರರಿಗೆ ಬಂತು. ಡೊಮೈನ್ ವ್ಯವಸ್ಥೆಯೂ ಹೀಗೆಯೇ ಒಂದು ವಲಯವನ್ನು ಕತ್ತರಿಸಿ ಇನ್ನೊಬ್ಬರ ವಶಕ್ಕೆ ಕೊಡುತ್ತದೆ. ಪಟ್ಟಿಯನ್ನು ಹಂಚುವುದರ ಜೊತೆಗೆ ಅಧಿಕಾರವನ್ನೂ ಹಂಚಿದ್ದು ಮೋಕಪೆಟ್ರಿಸ್ ಅವರ ದೊಡ್ಡತನ.

ಭಾರತಕ್ಕೆ ‘ಡಾಟ್ ಇನ್’ ಎಂಬ ತುದಿ ಸಿಕ್ಕಿದ್ದು 1989ರ ಮೇ 8ರಂದು. ಪೋಸ್ಟೆಲ್ ಆರಿಸಿಕೊಂಡಿದ್ದ, ದೇಶಗಳ ಎರಡಕ್ಷರದ ಸಂಕೇತಗಳ ಅಂತರರಾಷ್ಟ್ರೀಯ ಪಟ್ಟಿಯ ಅಕ್ಷರಗಳು ಅವು. ಆಗ ಅದನ್ನು ನೋಡಿಕೊಂಡವರು ಮುಂಬಯಿಯ ನ್ಯಾಷನಲ್ ಸೆಂಟರ್ ಫಾರ್ ಸಾಫ್ಟ್‌ವೇರ್ ಟೆಕ್ನಾಲಜಿಯವರು. ಆ ಸಂಸ್ಥೆ, ಐಐಟಿಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೂಡಿ ಅರ್ನೆಟ್ ಎಂಬ ವಿದ್ವಾಂಸರ ಜಾಲವನ್ನು ಕಟ್ಟಿದ್ದವು. ಸಾಮಾನ್ಯರಿಗೆ ಇಂಟರ್ನೆಟ್ ತೆರೆದದ್ದು ವಿದೇಶ ಸಂಚಾರ ನಿಗಮ, 1995ರಲ್ಲಿ. ಆ ದಿನವೂ ಆಗಸ್ಟ್ 15. ನಿಯಮಗಳು ಬಿಗಿಯಾಗಿದ್ದುದರಿಂದ 1992ರಿಂದ 2004ರವರೆಗೆ ಡಾಟ್ ಇನ್ ಅಡಿಯಲ್ಲಿ ನೋಂದಾಯಿತವಾದ ಹೆಸರುಗಳು ಸುಮಾರು 7000 ಮಾತ್ರ. 2003ರಲ್ಲಿ ಸ್ಥಾಪನೆಯಾದ ನಿಕ್ಸಿ ಸಂಸ್ಥೆಯ ಕೈಗೆ ನೋಂದಣಿ ಬಂದು, 2005ರಲ್ಲಿ ಬಾಗಿಲು ತೆರೆದ ಮೇಲೆ ಸಂಖ್ಯೆ ಲಕ್ಷಗಳನ್ನು ದಾಟಿತು. ಇಷ್ಟು ದೊಡ್ಡ ದೇಶ ತನ್ನ ಹೆಸರಿನ ಬಾಗಿಲನ್ನು ಅಷ್ಟು ವರ್ಷ ಅರ್ಧ ಮುಚ್ಚಿಟ್ಟಿದ್ದು ಸರಿಯಾಗಲಿಲ್ಲ ಎಂಬುದೇ ನನ್ನ ತೀರ್ಮಾನ.

ನಾಲ್ಕು ತಾಲ್ಲೂಕುಗಳ ಜನರನ್ನು ಕಂಪ್ಯೂಟರಿನ ಮುಂದೆ ಮೊದಲು ನಿಲ್ಲಿಸಿದ್ದು ಇಂಟರ್ನೆಟ್ ಅಲ್ಲ, ಪಹಣಿ. 2001ರ ಹೊತ್ತಿಗೆ ಭೂಮಿ ಯೋಜನೆ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು; ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ಸಾಲು ನಿಂತವರು ಗ್ರಾಮದ ಹೆಸರು, ಸರ್ವೆ ನಂಬರ್ ಹೇಳಿ ಉತ್ತರ ಪಡೆದರು. ಮುಂದೆ ಆ ಕಿಟಕಿಯೂ ಮೊಬೈಲಿಗೆ ಬಂತು.

ಇಂದು ಹೊನ್ನಾಳಿಯ ಬಸ್ ನಿಲ್ದಾಣದಲ್ಲಿ ನಿಂತ ಹುಡುಗಿಯೊಬ್ಬಳು ಜಿಲ್ಲಾಡಳಿತದ ತಾಣವನ್ನು ನೋಡಲು ‘ದಾವಣಗೆರೆ ಡಾಟ್ ನಿಕ್ ಡಾಟ್ ಇನ್’ ಎಂದು ಒತ್ತಿದಳೆನ್ನಿ. ಆಕೆಯ ಫೋನಿಗೆ ಆ ಹೆಸರಿನಿಂದ ಉಪಯೋಗವಿಲ್ಲ. ಅದಕ್ಕೆ ಬೇಕಾದದ್ದು ಅಂಕಿ. ಮೊದಲು ಅದು ಮೊಬೈಲ್ ಕಂಪನಿಯ ವಿಚಾರಣಾ ಸರ್ವರನ್ನು ಕೇಳುತ್ತದೆ. ಆ ಸರ್ವರಿಗೆ ಗೊತ್ತಿಲ್ಲದಿದ್ದರೆ ಅದು ಜಾಲದ ಬೇರಿನತ್ತ ಹೋಗುತ್ತದೆ. ಎ ಇಂದ ಎಂ ವರೆಗೆ ಹದಿಮೂರು ಅಕ್ಷರಗಳ ಹೆಸರು ಹೊತ್ತ ಬೇರಿನ ಸರ್ವರುಗಳವು. ನಡೆಸುವವರು ಹನ್ನೆರಡು ಸಂಸ್ಥೆಗಳು. ಪ್ರತಿರೂಪಗಳು ಲೋಕದಾದ್ಯಂತ ಸಾವಿರಕ್ಕೂ ಹೆಚ್ಚು. ಬೇರಿನ ಸರ್ವರಿಗೆ ದಾವಣಗೆರೆ ಗೊತ್ತಿಲ್ಲ. ಡಾಟ್ ಇನ್ ನೋಡಿಕೊಳ್ಳುವವರ ಬಳಿ ಹೋಗು ಎನ್ನುತ್ತದೆ. ಅವರು ನಿಕ್ ಡಾಟ್ ಇನ್‌ನವರ ಕಡೆ, ಎಂದರೆ 1976ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮಾಹಿತಿ ಕೇಂದ್ರದ ಕಡೆ ಕೈ ತೋರುತ್ತಾರೆ. ಅಂಕಿ ಸಿಗುವುದು ಅಲ್ಲಿ. ಹೆಸರನ್ನು ನಾವು ಎಡದಿಂದ ಓದಿದರೆ ವಿಚಾರಣೆ ಬಲದಿಂದ ನಡೆಯುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಸಿಕ್ಕ ಉತ್ತರವನ್ನು ವಿಚಾರಣಾ ಸರ್ವರ್ ಗೊತ್ತುಪಡಿಸಿದ ಅವಧಿಯವರೆಗೆ ನೆನಪಿನಲ್ಲಿಡುತ್ತದೆ. ಅದೇ ನಿಲ್ದಾಣದ ಮತ್ತೊಬ್ಬರು ಕೇಳಿದರೆ ಮೆಟ್ಟಿಲು ಹತ್ತಿಳಿಯಬೇಕಿಲ್ಲ. ಅವಧಿ ತೀರಿದ ಮೇಲೆ ಮತ್ತೆ ವಿಚಾರಣೆ. ಆದ್ದರಿಂದಲೇ ಇಲಾಖೆಯವರು ಸರ್ವರನ್ನು ಬೇರೆಡೆಗೆ ಸಾಗಿಸಿ ಅಂಕಿ ಬದಲಿಸಿದರೂ ಹೆಸರು ಬದಲಾಗದು. ಪಿನ್ ಕೋಡಿನಲ್ಲಿ ಜಿಲ್ಲೆಯ ಹೆಸರು ಬದಲಾಗಿ ಅಂಕಿ ಉಳಿದಿತ್ತು. ಇಲ್ಲಿ ಅಂಕಿ ಅಲೆದಾಡಿ ಹೆಸರು ಉಳಿಯುತ್ತದೆ. ಬರುವ ಉತ್ತರ ನಿಜವೋ ನಕಲಿಯೋ ಎಂಬ ಆತಂಕವೂ ಇತ್ತು. 2008ರಲ್ಲಿ ಜಾಲಭದ್ರತೆಯ ಸಂಶೋಧಕ ಡಾನ್ ಕಾಮಿನ್ಸ್ಕಿ ಅವರು ಸುಳ್ಳು ಉತ್ತರವನ್ನು ನುಸುಳಿಸುವ ದಾರಿಯಿದೆಯೆಂದು ತೋರಿಸಿದ ಮೇಲೆ ಲೋಕ ಎಚ್ಚೆತ್ತಿತು. 2010ರ ಜುಲೈಯಲ್ಲಿ ಬೇರಿನ ಪಟ್ಟಿಗೇ ಗಣಿತದ ಮೊಹರು ಬಿತ್ತು.

ಇನ್ನು ಲಿಪಿಯ ಮಾತು. ಮೊದಲಿನ ಡೊಮೈನ್ ಹೆಸರುಗಳಿಗೆ ಇಂಗ್ಲಿಷಿನ ಅಕ್ಷರ, ಅಂಕಿ, ಅಡ್ಡಗೆರೆ ಬಿಟ್ಟರೆ ಬೇರೆ ಗತಿಯಿರಲಿಲ್ಲ. ಜಗಳೂರಿನ ‘ಳ’ವನ್ನು ಅಲ್ಲಿ ಬರೆಯುವ ದಾರಿಯೇ ಇರಲಿಲ್ಲ. 2003ರಲ್ಲಿ ಪ್ಯೂನಿಕೋಡ್ ಎಂಬ ವಿಧಾನ ಗೊತ್ತಾಯಿತು: ಕನ್ನಡದಲ್ಲಿ ಬರೆದ ಹೆಸರನ್ನು ಯಂತ್ರ ಒಳಗೊಳಗೇ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಮಾರ್ಪಡಿಸಿ ಹಳೆಯ ವ್ಯವಸ್ಥೆಯ ಮೂಲಕವೇ ಕಳುಹಿಸುತ್ತದೆ. ಅದರ ಬಲದಿಂದ ‘ಡಾಟ್ ಭಾರತ’ 2014ರಲ್ಲಿ ದೇವನಾಗರಿಯಲ್ಲಿ ಮೊದಲು ತೆರೆದು, ಮುಂದೆ ಕನ್ನಡ ಲಿಪಿಗೂ ಬಂತು. ಕನ್ನಡ ಮತ್ತು ತೆಲುಗಿನ ಅ, ಜ ಮುಂತಾದ ಅಕ್ಷರಗಳು ನೋಟಕ್ಕೆ ಅವಳಿಗಳಾದ್ದರಿಂದ ಒಂದನ್ನು ತೋರಿಸಿ ಇನ್ನೊಂದರಿಂದ ಮೋಸ ಮಾಡುವವರಿಗೆ ಎಡೆಯಿರಬಾರದೆಂದು, ಭಾರತೀಯ ಲಿಪಿಗಳ ತಜ್ಞರು ಅಕ್ಷರಕ್ಕೆ ಅಕ್ಷರ ಹೋಲಿಸಿ ನಿಯಮ ಬರೆದರು. 2019ರಲ್ಲಿ ಅವು ಬೇರಿನ ವಲಯದ ನಿಯಮಗಳಲ್ಲಿ ಸೇರಿದವು. ಹೆಸರಿಲ್ಲದೆ ಮಾಡಿದ ಇಂಥ ತಾಳ್ಮೆಯ ಕೆಲಸಕ್ಕೆ ಕನ್ನಡಿಗರು ಋಣಿಗಳು.

ಪಟ್ಟಿಗೆ ಸೇರುವುದೆಂದರೆ ಏನೆಂಬುದನ್ನು ಈ ಸೀಮೆಯ ತಾಂಡಾಗಳ ಜನಕ್ಕಿಂತ ಬಲ್ಲವರಿಲ್ಲ. ತಲೆಮಾರುಗಳಿಂದ ಮನೆ ಕಟ್ಟಿಕೊಂಡು ಬಾಳಿದರೂ ಕಂದಾಯ ಗ್ರಾಮವೆಂದು ದಾಖಲಾಗದ ಕಾರಣಕ್ಕೆ ಹಕ್ಕುಪತ್ರವಿಲ್ಲದೆ ಉಳಿದ ತಾಂಡಾ, ಹಟ್ಟಿಗಳು ರಾಜ್ಯದಲ್ಲಿ ಎಷ್ಟೋ. ಅವನ್ನು ಕಂದಾಯ ಗ್ರಾಮಗಳಾಗಿ ಮಾಡುವ ಕೆಲಸಕ್ಕೆ ವೇಗ ಬಂದದ್ದು ಕಳೆದ ದಶಕದಲ್ಲಷ್ಟೇ. ಜನರಿದ್ದಾರೆ, ಊರಿದೆ, ಹೆಸರಿದೆ. ದಾಖಲೆಯಲ್ಲಿಲ್ಲದ್ದರಿಂದ ಕೇಳಿದವರಿಗೆ ‘ಇಲ್ಲ’ವೆಂಬ ಉತ್ತರ. ಜಾಲದಲ್ಲಿಯೂ ನೋಂದಣಿಯಿಲ್ಲದ ಹೆಸರಿಗೆ ಬರುವುದು ಅದೇ ಉತ್ತರ.

ಆದ್ದರಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಶಾಲೆ, ಸಹಕಾರ ಸಂಘ, ಮಠ, ಗ್ರಂಥಾಲಯ, ಪುರಸಭೆ, ಪಟ್ಟಣ ಪಂಚಾಯಿತಿಗಳನ್ನು ನಡೆಸುವ ಹಿರಿಯರಲ್ಲಿ ಒಂದು ಬಿನ್ನಹ. ನಿಮ್ಮ ಸಂಸ್ಥೆಯ ಹೆಸರನ್ನು ಡಾಟ್ ಇನ್‌ನಲ್ಲಿಯೂ ಕನ್ನಡದ ಡಾಟ್ ಭಾರತದಲ್ಲಿಯೂ ಸಂಸ್ಥೆಯ ಹೆಸರಿನಲ್ಲೇ ನೋಂದಾಯಿಸಿ. ಯಾರೋ ಪರಿಚಯದ ಹುಡುಗನ ಹೆಸರಿನಲ್ಲಿ ಬಿಡಬೇಡಿ. ನವೀಕರಣದ ದಿನಾಂಕವನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಪಾಸ್‌ವರ್ಡನ್ನು ಮುಂದಿನ ಕಾರ್ಯದರ್ಶಿಗೆ ದಫ್ತರಿನ ಜೊತೆಯಲ್ಲೇ ವಹಿಸಿಕೊಡಿ.