ಹುಲ್ಲುಹಾಸಿನ ಚಳಿಗಾಲದ ಆರೈಕೆ

ಹುಲ್ಲುಹಾಸಿನ ಚಳಿಗಾಲದ ಆರೈಕೆ ಎಂದರೆ ಮನೆಯಂಗಳದಲ್ಲಿ ಬೆಳೆಸಿದ ಹುಲ್ಲನ್ನು ಮಳೆಗಾಲದ ಕೊನೆಯಿಂದ ಬೇಸಿಗೆಯ ಆರಂಭದವರೆಗೆ ಕಾಪಾಡುವ ಕ್ರಮ. ಶೀತದೇಶಗಳಲ್ಲಿ ಹುಲ್ಲನ್ನು ಹಿಮದಿಂದ ರಕ್ಷಿಸುವುದು ಇದರ ಗುರಿ. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಲ್ಲಿ ಚಳಿಗಿಂತ ಒಣಹವೆಯೇ ಹೆಚ್ಚು ಬಾಧಕ.

ಹವಾಮಾನ

ಈ ತಾಲ್ಲೂಕುಗಳು 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ (2025ರಿಂದ ಬೆಂಗಳೂರು ದಕ್ಷಿಣ ಜಿಲ್ಲೆ) ಸೇರಿವೆ. ಹಿಂಗಾರು ಮಳೆ ಮುಗಿದ ಬಳಿಕ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಇಲ್ಲಿ ಮಳೆ ಅತ್ಯಲ್ಪ. ನೆರೆಯ ಬೆಂಗಳೂರಿನಲ್ಲಿ ದಾಖಲಾದ ಅತಿ ಕನಿಷ್ಠ ಉಷ್ಣಾಂಶವೇ 7.8 ಡಿಗ್ರಿ ಸೆಲ್ಸಿಯಸ್ (13 ಜನವರಿ 1884). ಆದುದರಿಂದ ಹಿಮಪಾತವನ್ನು ಗಮನದಲ್ಲಿಟ್ಟು ಬರೆದ ವಿದೇಶಿ ಕೈಪಿಡಿಗಳ ಸಲಹೆಗಳು ಈ ಸೀಮೆಗೆ ಬಹುಮಟ್ಟಿಗೆ ಅನ್ವಯಿಸುವುದಿಲ್ಲ.

ಹುಲ್ಲಿನ ಸ್ವಭಾವ

ಗರಿಕೆ (ಸೈನೊಡಾನ್ ಡ್ಯಾಕ್ಟಿಲಾನ್) ಈ ಭಾಗದ ಕೆಂಪುಮಣ್ಣಿಗೆ ಒಗ್ಗಿದ ಹುಲ್ಲು. ಗಣೇಶನ ಪೂಜೆಗೆ ಸಲ್ಲುವ ಇದೇ ಹುಲ್ಲು ರಾಗಿ ಹೊಲದಲ್ಲಿ ಹಠಮಾರಿ ಕಳೆಯೂ ಹೌದು. ಉಷ್ಣವಲಯದ ಹುಲ್ಲಾದ್ದರಿಂದ ಉಷ್ಣಾಂಶ ಸುಮಾರು 15 ಡಿಗ್ರಿಗಿಂತ ಕೆಳಗಿಳಿದರೆ ಇದರ ಬೆಳವಣಿಗೆ ಕುಂಠಿತವಾಗುತ್ತದೆ. ನೀರು ಕಡಿಮೆಯಾದರೆ ಎಲೆ ಕಂದುಬಣ್ಣಕ್ಕೆ ತಿರುಗುತ್ತದೆಯಾದರೂ ನೆಲದೊಳಗಿನ ಕಾಂಡ ಜೀವಂತವಾಗಿರುತ್ತದೆ. ಮುಂಗಾರು ಪೂರ್ವದ ಮಳೆ ಬಿದ್ದೊಡನೆ ಮತ್ತೆ ಚಿಗುರುತ್ತದೆ. ಕಂದಾದ ಹುಲ್ಲನ್ನು ಸತ್ತಿತೆಂದು ಕಿತ್ತೆಸೆಯುವುದು ಸಾಮಾನ್ಯ ತಪ್ಪು.

ನೀರು

ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್. 100 ಚದರ ಮೀಟರ್ ಹಾಸಿಗೆ ದಿನಕ್ಕೆ 4 ಮಿಲಿಮೀಟರ್ ಕೊಟ್ಟರೆ 400 ಲೀಟರ್ ಬೇಕಾಗುತ್ತದೆ. ಜಲ ಜೀವನ್ ಮಿಷನ್ ಗ್ರಾಮೀಣ ಪ್ರದೇಶದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ನಿಗದಿಪಡಿಸಿದೆ. ಆ ಲೆಕ್ಕದಲ್ಲಿ ಇದು ಏಳು ಜನರ ನೀರು. ಕೊಳವೆಬಾವಿಯನ್ನೇ ನೆಚ್ಚಿರುವ ಊರುಗಳಲ್ಲಿ ಈ ವೆಚ್ಚ ಸಣ್ಣದಲ್ಲ. ದಿನವೂ ಚಿಮುಕಿಸುವುದಕ್ಕಿಂತ ವಾರಕ್ಕೊಮ್ಮೆ ಬೇರಿಗೆ ಇಳಿಯುವಂತೆ ಹಾಯಿಸುವುದು ಲೇಸು. ಪಾತ್ರೆ ತೊಳೆದ ನೀರನ್ನು ಮಾರ್ಜಕ ಹೆಚ್ಚಿಲ್ಲದಿದ್ದರೆ ಬಳಸಬಹುದು. ಸಂಜೆ ನೀರುಣಿಸಿದರೆ ಇಬ್ಬನಿಯೊಡನೆ ತೇವ ರಾತ್ರಿಯಿಡೀ ನಿಂತು ಶಿಲೀಂಧ್ರರೋಗಕ್ಕೆ ಎಡೆಯಾಗುತ್ತದೆ. ಬೆಳಗಿನ ಹೊತ್ತು ಸೂಕ್ತ.

ಕತ್ತರಿಸುವಿಕೆ ಮತ್ತು ಗೊಬ್ಬರ

ಒಮ್ಮೆಗೆ ಎಲೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಚಳಿಗಾಲದಲ್ಲಿ ಹುಲ್ಲನ್ನು ತುಸು ಎತ್ತರವಾಗಿ ಬಿಟ್ಟರೆ ನೆಲದ ತೇವ ಉಳಿಯುತ್ತದೆ. ಮದ್ದು ಸಿಂಪಡಿಸದ ಹಾಸಿನಿಂದ ಕೊಯ್ದ ಹುಲ್ಲು ದನಕರುಗಳಿಗೆ ಮೇವಾಗುತ್ತದೆ. ಯೂರಿಯಾದಂತಹ ಸಾರಜನಕ ಗೊಬ್ಬರವನ್ನು ಅಕ್ಟೋಬರ್‌ಗೆ ನಿಲ್ಲಿಸಿ, ಜರಡಿ ಹಿಡಿದ ಕೆಮ್ಮಣ್ಣಿನೊಡನೆ ಚೆನ್ನಾಗಿ ಕಳಿತ ಗೊಬ್ಬರವನ್ನು ತೆಳುವಾಗಿ ಹರಡಬಹುದು. ರೇಷ್ಮೆಹುಳುವಿನ ಹಿಕ್ಕೆ ಮತ್ತು ತಿಂದುಳಿದ ಸೊಪ್ಪಿನಿಂದಾದ ಗೊಬ್ಬರ ಈ ಸೀಮೆಯಲ್ಲಿ ಸುಲಭವಾಗಿ ದೊರೆಯುತ್ತದೆ. ಹೊಂಗೆ ಮೊದಲಾದ ಮರಗಳ ಉದುರೆಲೆ ದಪ್ಪವಾಗಿ ಕೂತರೆ ಬೆಳಕು ತಡೆಯುವುದರಿಂದ ಗುಡಿಸಿ ತೆಗೆಯಬೇಕು.

ಕೀಟನಾಶಕ ಮತ್ತು ರೇಷ್ಮೆ

ಒಣ ತಿಂಗಳುಗಳಲ್ಲಿ ಗೆದ್ದಲು ಕಾಣಿಸಿಕೊಂಡಾಗ ಅಂಗಳಕ್ಕೆ ಕೀಟನಾಶಕ ಸಿಂಪಡಿಸುವ ರೂಢಿಯಿದೆ. ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆಯಿರುವ ರಾಮನಗರದ ಸುತ್ತ ಹಿಪ್ಪುನೇರಳೆ ತೋಟಗಳು ಮನೆಗಳಿಗೆ ಹೊಂದಿಕೊಂಡೇ ಇರುವುದುಂಟು. ರೇಷ್ಮೆಹುಳು ಕೀಟನಾಶಕಕ್ಕೆ ಅತ್ಯಂತ ಸೂಕ್ಷ್ಮ. ಗಾಳಿಯಲ್ಲಿ ತೇಲಿ ಸೊಪ್ಪಿನ ಮೇಲೆ ಕುಳಿತ ಅಲ್ಪ ಅಂಶವೂ ಹುಳುಗಳನ್ನು ಕೊಲ್ಲಬಹುದು. ಆಗ ಒಂದು ಕುಟುಂಬದ ಇಡೀ ಬೆಳೆ ಕೈತಪ್ಪುತ್ತದೆ. ಹುತ್ತವನ್ನು ಅಗೆದು ತೆಗೆಯುವುದು, ಒಣಹುಲ್ಲಿನ ಪದರವನ್ನು ಕೆರೆದು ಹಾಕುವುದು ಇಂತಹ ಕಡೆ ಸುರಕ್ಷಿತ ಕ್ರಮಗಳು. ರಾಸಾಯನಿಕ ಅನಿವಾರ್ಯವಾದರೆ ಗಾಳಿಯಿಲ್ಲದ ವೇಳೆಯಲ್ಲಿ, ನೆರೆಯ ರೇಷ್ಮೆ ಬೆಳೆಗಾರರಿಗೆ ಮುಂಚಿತವಾಗಿ ತಿಳಿಸಿ, ಸಿಂಪಡಿಸದೆ ಗೆದ್ದಲಿರುವ ಜಾಗದ ಮಣ್ಣಿಗಷ್ಟೇ ಸುರಿಯಬೇಕು.